ಎಲಾದಿಯೊನ ಉಸಿರು

ಎಸ್ನೆದಾ ರಿಯಾಸ್ಕೊಸ್ ಮನೆಯ ಸ್ಟೀರಿಯೊ ಒಂದೇ ದಿನಕ್ಕೆ ಸಾಯಲಿಲ್ಲ. ಮೊದಲು ಎಡಗಡೆಯ ಸ್ಪೀಕರಿಗೆ ಗಂಟಲು ಕಟ್ಟಿತು. ಆಮೇಲೆ ರೇಡಿಯೊ ಒಂದೇ ಸ್ಟೇಷನ್ನಿಗೆ ಅಂಟಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಪಾದ್ರಿಯೊಬ್ಬರ ಪ್ರವಚನ ಬಿಟ್ಟರೆ ಬೇರೇನನ್ನೂ ಕೊಡಲೊಲ್ಲೆ ಎಂದಿತು. ವೇಗ ಬದಲಿಸುವ ಹಿಡಿ ಮುರಿದು ಎಷ್ಟು ವರ್ಷವಾಗಿತ್ತೋ ಯಾರಿಗೂ ನೆನಪಿಲ್ಲ. ರೆಕಾರ್ಡಿನ ತಟ್ಟೆ ಯಾವಾಗಲೂ ನಿಮಿಷಕ್ಕೆ ನಲವತ್ತೈದು ಸುತ್ತಿನ ವೇಗದಲ್ಲೇ ತಿರುಗುತ್ತಿತ್ತು, ಅದನ್ನೊಂದು ಕೊರತೆ ಎಂದುಕೊಂಡವರೂ ಇರಲಿಲ್ಲ. ನಮ್ಮ ಕಾಲಿ ನಗರದಲ್ಲಿ ವೇಗವನ್ನು ದೂರಿದವರುಂಟೆ? ಮೂವತ್ತಮೂರರ ವೇಗಕ್ಕೆಂದು ನ್ಯೂಯಾರ್ಕಿನವರು ಮಾಡಿ ಕಳಿಸಿದ ರೆಕಾರ್ಡುಗಳನ್ನು, ಇದೇನು ಸಾವಿನ ಮನೆಯ ಸಂಗೀತವೋ ಎಂದು ಮೂಗು ಮುರಿದು, ನಲವತ್ತೈದಕ್ಕೆ ಏರಿಸಿ, ಆ ಓಟಕ್ಕೆ ಕಾಲು ಹೊಂದಿಸಿಕೊಂಡು ಕುಣಿದ ಊರು ಇದು. ನಿಧಾನವಾದದ್ದೆಲ್ಲ ಇಲ್ಲಿ ಕೆಟ್ಟಿದೆ ಎಂದೇ ಲೆಕ್ಕ.

ಆ ಮರದ ದೊಡ್ಡ ಪೆಟ್ಟಿಗೆಯನ್ನು ಕೊಂಡವಳು ಎಸ್ನೆದಾಳ ದೊಡ್ಡಮ್ಮ ಒತಿಲಿಯಾ. ಈಗ ಅವಳಿಗೆ ಎಂಬತ್ತೆಂಟು. ಹಲ್ಲು ಹೋಗಿದೆ, ನಾಲಿಗೆ ಹೋಗಿಲ್ಲ. ಎಸ್ನೆದಾ ಒಂದೂವರೆ ವರ್ಷದ ಕೂಸಾಗಿದ್ದಾಗ ಅವಳ ತಾಯಿ ಬುಯೆನವೆಂತುರಾ ಬಂದರಿನಿಂದ ಜ್ವರ ಹೊತ್ತುಕೊಂಡು ಈ ಅಕ್ಕನ ಮನೆಗೆ ಬಂದಿದ್ದಳು. ಕಂಕುಳಲ್ಲಿ ಮಗು, ಚೀಲದಲ್ಲಿ ಹಳೆಬಟ್ಟೆ ಸುತ್ತಿದ ಒಂದು ಪುಟ್ಟ ರೆಕಾರ್ಡು. “ಇವಳಪ್ಪ ಹಾಡಿದ್ದು” ಎಂದು ಅದನ್ನು ಅಕ್ಕನ ಕೈಗಿಟ್ಟು, ವಾರದೊಳಗೆ ಕಣ್ಣು ಮುಚ್ಚಿದಳು. ಅಪ್ಪ ಎಲಾದಿಯೊ ದೋಣಿಯವನು. ಮಗಳು ಹುಟ್ಟುವ ಮೊದಲೇ ಅವನ ದೋಣಿ ಕಡಲಿಗಿಳಿದು ವಾಪಸು ಬರಲಿಲ್ಲ. ಫೋಟೊ ಇಲ್ಲ, ಪತ್ರವಿಲ್ಲ, ಅವನ ಕಡೆಯವರು ಯಾರೆಂಬ ಪತ್ತೆಯಿಲ್ಲ. ಒತಿಲಿಯಾ ಅವನ ಮುಖ ಕಂಡವಳೂ ಅಲ್ಲ, ಮಾತು ಕೇಳಿದವಳೂ ಅಲ್ಲ. ರೆಕಾರ್ಡಿನ ನಡುವಿನ ಬಿಳಿ ಕಾಗದದ ಮೇಲೆ ಅಚ್ಚಿನ ಅಕ್ಷರ ಒಂದೂ ಇರಲಿಲ್ಲ. ಬಂದರಿನ ಯಾರೋ ಹತ್ತಿಪ್ಪತ್ತು ಪ್ರತಿ ಅಚ್ಚೊತ್ತಿಸಿ, ಪೆನ್ನಿನಲ್ಲಿ ‘ಎಲಾದಿಯೊ’ ಎಂದು ಬರೆದುಕೊಟ್ಟಿದ್ದರು. ಸ್ಟೀರಿಯೊ ಮನೆಗೆ ಬಂದದ್ದು ತಾಯಿ ಹೋದ ಎರಡು ವರ್ಷದ ಮೇಲೆ. ಸಣ್ಣ ರೆಕಾರ್ಡು ಅಂದರೆ ನಲವತ್ತೈದು ಎಂಬುದು ಬೀದಿಯ ಮಕ್ಕಳಿಗೂ ಗೊತ್ತು. ಹಾಕಿದರು, ತಿರುಗಿತು, ಹಾಡಿತು.

ಹಾಡಿದ್ದೇನೋ ಹಾಡಿತು. ಚುರುಕು ಗಿಟಾರು, ಪಟಪಟ ತಾಳ, ಅದರ ಮೇಲೆ ಗುಬ್ಬಚ್ಚಿ ಚಿಲಿಪಿಲಿಗುಟ್ಟಿದಂಥ ಒಂದು ಸಪೂರ ಗಂಡುದನಿ. ಮಾತು ಅರ್ಥವಾಗುತ್ತಿರಲಿಲ್ಲ, ಆಗಬೇಕೆಂದು ಯಾರೂ ಹಟ ಹಿಡಿಯಲಿಲ್ಲ. ಪ್ರತಿ ಕ್ರಿಸ್ಮಸ್ಸಿಗೆ ಇಡೀ ಬೀದಿ ಆ ಹಾಡಿಗೆ ಬೆವರು ಕಿತ್ತುಬರುವಂತೆ ಕುಣಿಯುತ್ತಿತ್ತು.

ತೊಂದರೆ ಇದ್ದದ್ದು ಮಗಳ ದನಿಯಲ್ಲಿ. ಹನ್ನೆರಡನೆಯ ವಯಸ್ಸಿಗೇ ಎಸ್ನೆದಾಳ ಕೊರಳು ಇಳಿದು ಇಳಿದು ಬಾವಿಯ ತಳ ಮುಟ್ಟಿತ್ತು. ಶಾಲೆಯ ಹಾಡಿನ ಮೇಳದಲ್ಲಿ ಸಿಸ್ಟರು ಅವಳಿಗೆ “ನೀನು ಬರೀ ಬಾಯಾಡಿಸಮ್ಮ, ಸಾಕು” ಎಂದಿದ್ದರು. ಫೋನೆತ್ತಿದರೆ ಇವತ್ತಿಗೂ ಆಚೆಯವರು “ಹೇಳಿ ಸಾರ್” ಎನ್ನುತ್ತಾರೆ. ಬೀದಿಯ ತುದಿಯಿಂದ ಕೂಗಿದರೆ “ಲಾರಿ ಬಂತು, ದಾರಿ ಬಿಡಿ” ಎಂದು ನಗುತ್ತಾರೆ. ಅದನ್ನೆಲ್ಲ ಅವಳು ನುಂಗಿಕೊಂಡಳು. ನುಂಗಲಾಗದ್ದು ಒಂದೇ ಒಂದು. ಅವಳಿಗೆ ಇಪ್ಪತ್ತಾಗಿದ್ದಾಗ, ಒಂದು ಮದುವೆಯಲ್ಲಿ ಆ ಹಾಡು ಮುಗಿದೊಡನೆ ಕಸಾಯಿಯ ಹೆಂಡತಿ ಎಲ್ಲರ ಮುಂದೆ ಹೇಳಿದ ಮಾತು: “ಅಪ್ಪ ಗುಬ್ಬಚ್ಚಿ, ಮಗಳು ಗೂಳಿ. ಹಾಡಿದವನು ಅವನೇ ಇರಬಹುದು, ಹುಟ್ಟಿಸಿದವನು ಬೇರೆ ಯಾವನೋ!” ಜನ ನಕ್ಕರು, ಮರೆತರು. ಎಸ್ನೆದಾ ಮರೆಯಲಿಲ್ಲ. ಆ ರೆಕಾರ್ಡಿನಲ್ಲಿ ತನ್ನದೆನ್ನುವ ಒಂದು ಎಳೆ ಸಿಕ್ಕೀತೇ ಎಂದು ಅವಳು ಮೂವತ್ತಕ್ಕೂ ಹೆಚ್ಚು ವರ್ಷ ಕಿವಿಗೊಟ್ಟು ಕೇಳಿದ್ದಳು. ಸಿಕ್ಕಿರಲಿಲ್ಲ. ಈಗ ಸ್ಟೀರಿಯೊ ಜೊತೆಗೆ ರೆಕಾರ್ಡೂ ಸವೆದು, ಹಾಡಿಗಿಂತ ಕರಕರವೇ ಹೆಚ್ಚಾಗಿತ್ತು. ಅದು ಪೂರ್ತಿ ಅಳಿಸಿಹೋಗುವ ಮೊದಲು ಒಂದು ಸಲ, ಒಂದೇ ಒಂದು ಸಲ, ಆ ಮನುಷ್ಯನನ್ನು ಚೆನ್ನಾಗಿ ಕೇಳಿ ತೀರ್ಮಾನ ಮಾಡಿಕೊಳ್ಳಬೇಕು, ನನ್ನಪ್ಪ ಹೌದೋ ಅಲ್ಲವೋ: ಇದು ಅವಳ ಹಟ.

ಕುಣಿತದ ಶಾಲೆಗಳಿಗೆ ಜರಿ ಉಡುಪು ಹೊಲಿಯುವ ಕೆಲಸ ಅವಳದು. ಆ ವರ್ಷದ ಹಬ್ಬದ ಉಡುಪಿನ ದುಡ್ಡಿನಲ್ಲಿ ಹನ್ನೆರಡು ಲಕ್ಷ ಪೆಸೊ ಎತ್ತಿಟ್ಟಳು. ಲಕ್ಷ ಎಂದು ಹೌಹಾರುವುದು ಬೇಡ, ಅಷ್ಟಕ್ಕೆ ಒಳ್ಳೆಯದೊಂದು ಹೊಲಿಗೆ ಯಂತ್ರವೂ ಬರುವುದಿಲ್ಲ. ಪೇಟೆಯ ಅಂಗಡಿಗಳಲ್ಲಿ ಆ ಹಣಕ್ಕೆ ತೋರಿಸಿದ್ದು ಮಿಣಮಿಣ ದೀಪದ ಪ್ಲಾಸ್ಟಿಕ್ ಡಬ್ಬಗಳನ್ನು. ಕೊನೆಗೆ ಯಾರೋ ಸೆಗುಂದೊನ ಹೆಸರು ಹೇಳಿದರು. ಹಳೆಯ ಸ್ಟೀರಿಯೊ ರಿಪೇರಿ ಮಾಡಿ ಮಾರುವವನು, ಐವತ್ತು ದಾಟಿದವನು. ಬೆಟ್ಟದ ಮೇಲಿನ ಪಾಸ್ತೊ ಊರಿನವನು ಬೇರೆ! ಪಾಸ್ತೊದವರಿಗೆ ಶುಕ್ರವಾರ ನಗೆಮಾತು ಹೇಳಿದರೆ ಭಾನುವಾರ ಚರ್ಚಿನಲ್ಲಿ ನಗುತ್ತಾರೆ ಎಂದು ನಮ್ಮಲ್ಲಿ ಆಡಿಕೊಳ್ಳುತ್ತಾರೆ. ಸೆಗುಂದೊ ಆ ಮಾತಿಗೆ ತಕ್ಕಂತೆಯೇ ಇದ್ದ. ಮನೆಗೆ ಬಂದವನು ಪೆಟ್ಟಿಗೆಯ ಹಿಂದೆ ಕೂತು ಇಪ್ಪತ್ತು ನಿಮಿಷ ತುಟಿ ಬಿಚ್ಚಲಿಲ್ಲ.

“ಏನಪ್ಪಾ, ನಿದ್ದೆ ಬಂತಾ?” ಎಂದಳು ಎಸ್ನೆದಾ.

“ಇಲ್ಲ ಅಕ್ಕಾವ್ರೆ. ಸ್ಪೀಕರ್ ಪೆಟ್ಟಿಗೆ ಒಳ್ಳೇ ಮರದ್ದು, ಈಗ ಇಂಥದ್ದು ಸಿಗಲ್ಲ. ಅದನ್ನ ಎಸೀಬೇಡಿ. ಒಳಗಿನ ಕಾಗದದ ಅಂಚು ಹರಿದಿದೆ, ಹೊಸದು ಕೂರಿಸಿಕೊಡ್ತೀನಿ. ಆಂಪ್ಲಿಫೈಯರ್ ನನ್ನ ಹತ್ರ ಜಪಾನಿಂದು ಒಂದಿದೆ, ಹಳೇದು, ಆದ್ರೆ ಗಟ್ಟಿ ಆಸಾಮಿ. ರೆಕಾರ್ಡ್ ತಿರುಗಿಸೋದು ಮಾತ್ರ ಬೇರೇದೇ ಬೇಕು. ಉಳಿದ ದುಡ್ಡೆಲ್ಲ ಸೂಜಿಗೆ ಹಾಕಿ.”

“ಸೂಜಿಗಾ? ಕಣ್ಣಿಗೆ ಕಾಣದಷ್ಟಿದೆ, ಅದಕ್ಕಾ?”

“ಅದನ್ನ ಯಾವಾಗ ಬದಲಿಸಿದ್ರಿ?”

“ಅದನ್ನೂ ಬದಲಿಸ್ತಾರಾ?”

ಸೆಗುಂದೊ ಅವಳ ಹೊಲಿಗೆ ಯಂತ್ರದ ಕಡೆ ನೋಡಿದ. “ಅದರ ಸೂಜಿ?”

“ವಾರಕ್ಕೊಂದು. ಮೊಂಡು ಸೂಜಿ ಬಟ್ಟೆನ ಹರಿದು ಹಾಳು...” ಎನ್ನುತ್ತಿದ್ದವಳು ಕೈಯಲ್ಲಿದ್ದ ಪುಟ್ಟ ರೆಕಾರ್ಡನ್ನು ಎದೆಗೊತ್ತಿಕೊಂಡಳು. ಪರರ ರೇಷ್ಮೆಗೆ ವಾರಕ್ಕೊಂದು ಹೊಸ ಸೂಜಿ, ಹೆತ್ತಪ್ಪನ ದನಿಯ ಮೇಲೆ ಐವತ್ತು ವರ್ಷದ ಮೊಂಡು ಕಬ್ಬಿಣ! ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

“ಇದರಲ್ಲಿ ಇನ್ನೂ ಏನಾದ್ರೂ ಉಳಿದಿದೆಯಾ, ಸೆಗುಂದೊ? ನಿಜ ಹೇಳು.”

ಅವನು ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ. “ಮೊಂಡು ಸೂಜಿ ಗೀರಿನ ಮೇಲ್ಗಡೆ ಮಾತ್ರ ಸವರಿಕೊಂಡು ಹೋಗಿರುತ್ತೆ ಅಕ್ಕಾವ್ರೆ. ಚೂಪಾದದ್ದು ತಳಕ್ಕಿಳಿಯುತ್ತೆ. ತಳದಲ್ಲಿ ಏನಿದೆ ಅಂತ ಇಳಿದ ಮೇಲೇ ಗೊತ್ತಾಗೋದು.”

ಹದಿನೈದು ದಿನ ಬಿಟ್ಟು, ಡಿಸೆಂಬರಿನ ಮೊದಲ ಭಾನುವಾರ ಮಧ್ಯಾಹ್ನ ಅವನು ಎಲ್ಲವನ್ನೂ ಹೊತ್ತು ತಂದ. ಹಿತ್ತಲ ಒಲೆಯ ಮೇಲೆ ಒತಿಲಿಯಾ ತಾಮ್ರದ ಬಾಣಲೆಯಲ್ಲಿ ಹಬ್ಬದ ಹಾಲುಸಿಹಿ ಕಾಸುತ್ತಿದ್ದಳು. ಹಾಲು, ಸಕ್ಕರೆ, ಒಂದು ಹಿಡಿ ಅಕ್ಕಿಹಿಟ್ಟು. ಮೂರು ಗಂಟೆ ಕೈ ಬಿಡದೆ ತಿರುವಬೇಕು, ಒಂದು ಗಳಿಗೆ ಬಿಟ್ಟರೂ ತಳ ಹಿಡಿಯುತ್ತದೆ. ಒಬ್ಬರಾದ ಮೇಲೊಬ್ಬರು ಮರದ ಹುಟ್ಟು ಹಿಡಿಯುವುದು ರೂಢಿ. ಎಸ್ನೆದಾ ತನ್ನ ಸರದಿ ಮುಗಿಸಿ ಕೈ ತೊಳೆದು ಪಡಸಾಲೆಗೆ ಬಂದಳು.

ಸೆಗುಂದೊ ಮೊದಲು ತನ್ನ ಚೀಲದಿಂದ ಯಾವುದೋ ವಾದ್ಯಮೇಳದ ರೆಕಾರ್ಡು ತೆಗೆದು ಹಾಕಿದ. ಎಸ್ನೆದಾ ನಿಂತಲ್ಲೇ ನಿಂತಳು. ಇದೇ ಪೆಟ್ಟಿಗೆಗಳೇ? ತುತ್ತೂರಿಯೂದುವವನು ಬಾಗಿಲ ಬಳಿ ನಿಂತಿದ್ದ, ಡೋಲಿನವನು ಕಿಟಕಿಯ ಹತ್ತಿರ, ಪಿಯಾನೊ ಇವರಿಬ್ಬರ ನಡುವೆ ಸ್ವಲ್ಪ ಹಿಂದೆ. ಕೈ ನೀಡಿದರೆ ಮುಟ್ಟಬಹುದು ಎನ್ನುವಷ್ಟು ಹತ್ತಿರ. ಅವಳಿಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ತಾನು ಸಂಗೀತವನ್ನು ಗೋಡೆಯಾಚೆಯಿಂದ ಕೇಳುತ್ತಿದ್ದೆ, ಇವತ್ತು ಯಾರೋ ಬಾಗಿಲು ತೆರೆದು ಒಳಗೆ ಕರೆದರು ಎನ್ನಿಸಿತು.

“ಈಗ ನಮ್ಮದು ಹಾಕು,” ಎಂದಳು.

ಸಣ್ಣ ರೆಕಾರ್ಡು, ನಲವತ್ತೈದು. ಸೂಜಿ ಇಳಿಯಿತು. ಕರಕರ ಮುಕ್ಕಾಲು ಪಾಲು ಮಾಯವಾಗಿತ್ತು. ಗಿಟಾರಿನ ತಂತಿಯ ಮೇಲೆ ಬೆರಳು ಜಾರುವುದು ಕೇಳಿತು. ನಡುವೆ ಎಲ್ಲೋ ದೂರದಲ್ಲಿ ಜಾತ್ರೆಯ ಪೀಪಿಯಂಥ ಸಣ್ಣ ಸದ್ದು, ಅದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಹಿತ್ತಲಿನಿಂದ ಒತಿಲಿಯಾ ಕೂಗಿದಳು: “ಹಾಂ, ಬಂದ ನೋಡು ನಮ್ಮ ಎಲಾದಿಯೊ! ಏನು ಚುರುಕು ಮುಂಡೇದು! ಇನ್ನೂ ಜೋರು ಮಾಡ್ರೇ!”

ಆದರೆ ದನಿ? ದನಿ ಅದೇ ಗುಬ್ಬಚ್ಚಿ. ಮೊದಲು ಮಸುಕಿನಲ್ಲಿದ್ದ ಗುಬ್ಬಚ್ಚಿ ಈಗ ನಿಚ್ಚಳವಾಗಿ ಗುಬ್ಬಚ್ಚಿಯಾಗಿತ್ತು, ಅಷ್ಟೇ ವ್ಯತ್ಯಾಸ. ಎಸ್ನೆದಾ ಕುರ್ಚಿಯ ಮೇಲೆ ಕುಸಿದಳು. ಹಾಗಾದರೆ ಕಸಾಯಿಯ ಹೆಂಡತಿ ಹೇಳಿದ್ದೇ ನಿಜ. ಹನ್ನೆರಡು ಲಕ್ಷ ಕೊಟ್ಟು ಅದನ್ನೇ ಖಾತ್ರಿ ಮಾಡಿಕೊಂಡಂತಾಯಿತು.

ಸೆಗುಂದೊ ಮಾತ್ರ ಹುಬ್ಬು ಗಂಟಿಕ್ಕಿ, ಇನ್ನೊಂದು ಸಲ ಮೊದಲಿನಿಂದ ಹಾಕಿದ. “ಅಕ್ಕಾವ್ರೆ, ಸಾಲು ಮುಗಿದ ಕೂಡಲೇ ಇಲಿ ಕೀಚ್ ಅಂದ ಹಾಗೆ ಒಂದು ಸದ್ದು ಬರುತ್ತೆ, ಕೇಳಿಸ್ತಾ?”

“ಅದೇನು? ರೆಕಾರ್ಡ್ ಕೆಟ್ಟಿದೆಯಾ?”

“ಅಲ್ಲ. ಅದು ಅವರ ಉಸಿರು. ಇಷ್ಟು ಬೇಗ ಯಾರೂ ಉಸಿರು ತಗೊಳ್ಳಲ್ಲ ಅಕ್ಕಾವ್ರೆ. ನೀರಲ್ಲಿ ಮುಳುಗ್ತಿರೋನು ಕೂಡ...”

ಎಸ್ನೆದಾಳ ಮುಖ ನೋಡಿ ಅವನು ನಾಲಿಗೆ ಕಚ್ಚಿಕೊಂಡ. ದೋಣಿಯ ವಿಷಯ ಅವನಿಗೆ ಗೊತ್ತಿರಲಿಲ್ಲ, ಆದರೂ ಏನೋ ತಪ್ಪು ಮಾತಾಡಿದೆ ಎಂದು ಗೊತ್ತಾಯಿತು. “ತಪ್ಪಾಯ್ತು. ನಾನು ಹೇಳಿದ್ದು ಇಷ್ಟೆ, ಇದು ಓಡ್ತಿದೆ. ಇದು ಇಷ್ಟು ಓಡೋ ಹಾಡಲ್ಲ.”

“ಶುರುವಾಯ್ತಾ ನಿಮ್ಮ ಬೆಟ್ಟದ ಬುದ್ಧಿ! ನಿಮಗೆ ಆಮೆ ನಡೆದ್ರೂ ಓಡ್ತಿದೆ ಅನ್ಸುತ್ತೆ. ಐವತ್ತು ವರ್ಷದಿಂದ ಇಡೀ ಬೀದಿ ಕುಣಿದಿದೆ ಈ ಹಾಡಿಗೆ. ಒಬ್ಬನಾದ್ರೂ ಹೇಳಿದ್ನಾ ಓಡ್ತಿದೆ ಅಂತ?”

“ನೀವು ಕಾಲಿಯವರು ಹೇಗೆ ಹೇಳ್ತೀರಿ ಅಕ್ಕಾವ್ರೆ?” ಎಂದ ಸೆಗುಂದೊ, ಒಂದಿಷ್ಟೂ ಬೇಸರವಿಲ್ಲದೆ. “ಮೀನಿಗೆ ನೀರು ಒದ್ದೆ ಅನ್ಸುತ್ತಾ?”

ರೆಕಾರ್ಡನ್ನು ತೆಗೆದು, ಮೇಜಿನ ದೀಪದ ಕೆಳಗಿಟ್ಟು, ಭೂತಗನ್ನಡಿಯಿಂದ ನೋಡತೊಡಗಿದ. ಹಾಡಿನ ಗೀರುಗಳು ಮುಗಿದು ಬಿಳಿ ಕಾಗದ ಶುರುವಾಗುವ ನಡುವೆ ಬೆರಳಗಲದ ನುಣುಪಾದ ಉಂಗುರವಿರುತ್ತದೆ. ಅಲ್ಲಿ ಯಾರೂ ನೋಡುವುದಿಲ್ಲ. ಅವನು ಎಷ್ಟೋ ಹೊತ್ತು ತಿರುಗಿಸಿ ತಿರುಗಿಸಿ ನೋಡಿ, ಕನ್ನಡಿಯನ್ನು ಅವಳ ಕೈಗೆ ಕೊಟ್ಟ. ದಬ್ಬಳದಿಂದ ಗೀಚಿದಂತೆ ಎರಡು ಅಂಕಿ ಅಲ್ಲಿದ್ದವು. ಮೂರು. ಇನ್ನೊಂದು ಮೂರು.

“ಸಣ್ಣ ರೆಕಾರ್ಡ್‌ನಲ್ಲೂ ಮೂವತ್ತಮೂರರ ವೇಗಕ್ಕೆ ಅಚ್ಚೊತ್ತುತ್ತಿದ್ರು ಕೆಲವರು. ಮೇಲ್ಗಡೆ ಕಾಗದದಲ್ಲಿ ಬರೆಯೋಕೆ ಮರೆತಿದ್ದಾರೆ ಅಷ್ಟೆ. ಬೇರೆ ಊರಲ್ಲಾಗಿದ್ರೆ ಮೊದಲನೇ ದಿನಾನೇ ಯಾರಾದ್ರೂ ‘ಇದ್ಯಾಕೋ ಓಡ್ತಿದೆ’ ಅಂದಿರೋರು.” ಅವನು ಹೊಸ ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟ. “ವೇಗ ಇಳಿಸಲಾ?”

“ಬೇಡ!” ಎಂದಳು ಎಸ್ನೆದಾ.

ಅವಳಿಗೆ ಭಯವಾಗಿತ್ತು. ಗುಬ್ಬಚ್ಚಿಯೋ ಗಿಳಿಯೋ, ಅವಳಿಗಿದ್ದ ಅಪ್ಪ ಅವನೊಬ್ಬನೇ. ಬಾಲ್ಯದಲ್ಲಿ ಜ್ವರ ಬಂದಾಗ ಕೇಳಿದ್ದು ಅವನನ್ನು, ಮದುವೆಯ ದಿನ ಕೇಳಿದ್ದು ಅವನನ್ನು, ಗಂಡ ಸತ್ತ ವಾರ ಬಾಗಿಲು ಹಾಕಿಕೊಂಡು ಕೇಳಿದ್ದೂ ಅವನನ್ನೇ. ಈ ಗುಂಡಿ ಒತ್ತಿದರೆ ಅವನು ಹೋಗುತ್ತಾನೆ. ಬರುವವನು ಯಾರು? ಪರಕೀಯನ ದನಿಯೊಂದು ಬಂದರೆ, ಅದರಲ್ಲೂ ತನ್ನದೇನೂ ಇರದಿದ್ದರೆ, ಆಗ ಇದ್ದ ಅಪ್ಪನೂ ಇಲ್ಲ, ಹೊಸ ಅಪ್ಪನೂ ಇಲ್ಲ.

“ನಿಮ್ಮಿಷ್ಟ ಅಕ್ಕಾವ್ರೆ,” ಎಂದು ಸೆಗುಂದೊ ಕೈ ತೆಗೆದ. ಆತುರವೆಂಬುದು ಆ ಮನುಷ್ಯನ ರಕ್ತದಲ್ಲೇ ಇರಲಿಲ್ಲ. ತನ್ನ ತಂತಿ, ಇಕ್ಕಳಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತ ಕೂತ. ಬೀದಿಯಲ್ಲಿ ಹಣ್ಣಿನವಳು ಕೂಗುತ್ತ ಹೋದಳು. ಎಸ್ನೆದಾ ರೆಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಆ ಎರಡು ಅಂಕಿಗಳನ್ನು ಹೆಬ್ಬೆರಳಿನಿಂದ ಸವರಿದಳು. ಬೆರಳಿಗೆ ಗೀರು ತಾಗಿತು. ಯಾರೋ ಒಬ್ಬ ಮನುಷ್ಯ ಇದನ್ನು ಕೂತು ಗೀಚಿದ್ದಾನೆ, ಹೀಗೇ ಕೇಳಿ ಎಂದು ಹೇಳಿಹೋಗಿದ್ದಾನೆ. ನಾವೇ ಕೇಳಲಿಲ್ಲ.

ಎದ್ದು, ರೆಕಾರ್ಡನ್ನು ತಟ್ಟೆಯ ಮೇಲಿಟ್ಟು, ಗುಂಡಿಯನ್ನು ತಾನೇ ಒತ್ತಿದಳು. ಸೂಜಿಯನ್ನೂ ತಾನೇ ಇಳಿಸಿದಳು. ಸೂಜಿ ಹಿಡಿಯುವುದು ಅವಳ ಕೈಗೆ ಹೊಸದೇನಲ್ಲ.

ಮೊದಲು ಗಿಟಾರು. ಅದು ಕುಣಿತದ ಗಿಟಾರಾಗಿರಲಿಲ್ಲ. ದಂಡೆಗೆ ಬಂದು ಹಿಂದೆ ಸರಿಯುವ ನೀರಿನ ಹಾಗೆ, ತಡೆದು ತಡೆದು, ಒಂದೊಂದೇ ತಂತಿ. ಆಮೇಲೆ ಪಡಸಾಲೆಯ ನಟ್ಟನಡುವೆ, ಅವಳಿಂದ ಎರಡು ಮಾರು ದೂರದಲ್ಲಿ, ಒಬ್ಬ ಗಂಡಸು ಉಸಿರೆಳೆದುಕೊಂಡ.

ಎಸ್ನೆದಾ ಬಾಯಿಗೆ ಕೈ ಒತ್ತಿಕೊಂಡಳು. ಅದು ದೊಡ್ಡ ಉಸಿರು, ಎದೆ ತುಂಬುವ ಉಸಿರು, ದೋಣಿಯ ಹುಟ್ಟು ಹಾಕಿ ಹಾಕಿ ಅಗಲವಾದ ಎದೆಯದು. ತಾನು ಹುಟ್ಟುವ ಮೊದಲೇ ನಿಂತುಹೋದ ಉಸಿರು ಇಲ್ಲಿ, ತನ್ನ ಮನೆಯಲ್ಲಿ, ಭಾನುವಾರದ ಬಿಸಿಲಿನಲ್ಲಿ! ಆಮೇಲೆ ಅವನು ಹಾಡಿದ.

*ನೀರು ಏರಿದರೂ ಬರುವೆ, ನೀರು ಇಳಿದರೂ ಬರುವೆ,*
*ಬಾಗಿಲಿಗೆ ಅಗಳಿ ಹಾಕಬೇಡ.*

ಎಷ್ಟು ಆಳದ ದನಿ! ನೆಲದ ಹಲಗೆಗಳ ಮೂಲಕ ಬಂದು ಪಾದಕ್ಕೆ ತಾಗುವ ದನಿ. ಪೀಪಿಯೆಂದುಕೊಂಡಿದ್ದ ಸದ್ದು ಹಾಡಿನ ನಡುವೆ ಮತ್ತೆ ಬಂತು. ಅದು ಹಡಗಿನ ಕೂಗು, ಬಂದರಿನಿಂದ ಹೊರಟುನಿಂತ ದೊಡ್ಡ ಹಡಗೊಂದರ ಕೂಗು. ಹಾಡುವವನು ಆ ಕೂಗು ಮುಗಿಯಲೆಂದು ಅರೆಗಳಿಗೆ ಕಾದು ಮುಂದಿನ ಸಾಲು ಎತ್ತಿಕೊಂಡ. ಅವನು ಕಾದದ್ದು ಕೇಳಿಸಿತು. ಐವತ್ತು ವರ್ಷ ಬೀದಿಯೆಲ್ಲ ಕೇಕೆ ಹಾಕಿ ಕುಣಿದದ್ದು ಹೆಂಡತಿಯನ್ನು ಬಿಟ್ಟು ಹೊರಟವನ ಹಾಡಿಗೆ ಎಂದು ಎಸ್ನೆದಾಳಿಗೆ ಹೊಳೆಯಿತು. ಅವಳಿಗೆ ಅಳು ಬರಲಿಲ್ಲ. ಅಳುವುದಕ್ಕಿಂತ ದೊಡ್ಡದೇನೋ ಎದೆಯಲ್ಲಿ ಎದ್ದು ನಿಂತಿತ್ತು, ದೇವರ ಎದುರು ನಿಂತಾಗಲೂ ಅವಳಿಗೆ ಹಾಗಾಗಿರಲಿಲ್ಲ. ಸಾಲಿನ ಕೊನೆಗೆ ಆ ದನಿ ತುಸುವೇ ಒಡೆದು ಕೆಳಗಿಳಿಯುತ್ತಿತ್ತು. ಆ ಒಡಕನ್ನು ಎಲ್ಲಿ ಕೇಳಿದ್ದೇನೆ, ಎಲ್ಲಿ ಕೇಳಿದ್ದೇನೆ ಎಂದು ಅವಳು ತಡಕಾಡಿದಳು. ತನ್ನ ದನಿ ಹೊರಗಿನವರಿಗೆ ಹೇಗೆ ಕೇಳುತ್ತದೆ ಎಂದು ಯಾರಿಗಾದರೂ ಹೇಗೆ ಗೊತ್ತಾಗಬೇಕು?

ಹಿತ್ತಲಿನಿಂದ ಒತಿಲಿಯಾ ಕೂಗಿದಳು: “ಏ ಎಸ್ನೆದಾ! ಹಾಡಿದ್ದು ಸಾಕು ಕಣೇ, ಬಂದು ಕೈ ಕೊಡು! ನನ್ನ ತೋಳು ಬಿದ್ದುಹೋಯ್ತು!”

ಸೆಗುಂದೊ ತಲೆಯೆತ್ತಿದ. ಎಸ್ನೆದಾ ಅಲುಗಾಡಲಿಲ್ಲ.

“ಕೇಳಿಸಲ್ವೇನೇ? ಅದೇನು ಇವತ್ತೇ ನಿನಗೆ ಹಾಡೋ ಹುಚ್ಚು! ಅದೂ ಇಂಥಾ ಅಳೋ ಹಾಡು!”

ಗೊಣಗುತ್ತಲೇ ಮುದುಕಿ ಬಂದಳು. ಕೈಯಲ್ಲಿ ಹಾಲು ತೊಟ್ಟಿಕ್ಕುವ ಮರದ ಹುಟ್ಟು, ಬಾಯಲ್ಲಿ ಇನ್ನೊಂದು ಬೈಗುಳ ಸಿದ್ಧವಾಗಿತ್ತು. ಬಾಗಿಲಲ್ಲಿ ನಿಂತವಳು ಅಲ್ಲೇ ನಿಂತಳು. ಹಾಡು ನಡೆದೇ ಇತ್ತು. ಎಸ್ನೆದಾಳ ಎರಡೂ ಕೈ ಅವಳ ಬಾಯಿಯ ಮೇಲಿದ್ದವು. ಒತಿಲಿಯಾ ಆ ಮುಚ್ಚಿದ ಬಾಯನ್ನು ನೋಡಿದಳು, ಸ್ಪೀಕರ್ ಪೆಟ್ಟಿಗೆಗಳನ್ನು ನೋಡಿದಳು, ಮತ್ತೆ ಆ ಬಾಯನ್ನೇ ನೋಡಿದಳು. ಹಿತ್ತಲಿನಿಂದ ಹಾಲು ತಳ ಹಿಡಿದ ವಾಸನೆ ಬರತೊಡಗಿತು. ಮೂವರಲ್ಲಿ ಯಾರೂ ಹೋಗಲಿಲ್ಲ.

“ಇದು ನೀನಲ್ವೇನೇ?” ಎಂದಳು ಮುದುಕಿ, ಪಿಸುಮಾತಿನಲ್ಲಿ.

ಎಸ್ನೆದಾ ಕೈ ಇಳಿಸಿದಳು.

“ಅಲ್ಲ ದೊಡ್ಡಮ್ಮಾ,” ಎಂದಳು. “ನಮ್ಮಪ್ಪ.”